ಮಾರ್ಗದರ್ಶಕರ ಸಹಿ

ಗೈಡ್ ಅವರ ಕೊಠಡಿಗೆ ಇವತ್ತೂ ಬೀಗ. ಅವರು ಬೇಕೆಂದೇ ತಪ್ಪಿಸಿಕೊಳ್ಳುತ್ತಿದ್ದಾರೆ ಎಂಬುದರಲ್ಲಿ ಸಂಶೋಧಕಿಗೆ ಅನುಮಾನವೇ ಉಳಿಯಲಿಲ್ಲ. ಮಹಾಪ್ರಬಂಧ ಸಲ್ಲಿಸಲು ಇವತ್ತು ಸಂಜೆ ಐದು ಗಂಟೆಯೇ ಕೊನೆ. ಅವರ ಸಹಿ ಬೀಳದಿದ್ದರೆ ನೋಂದಣಿ ರದ್ದು. ಆರು ವರ್ಷದ ದುಡಿಮೆ ನೀರುಪಾಲು.

ಪ್ರಬಂಧವೇನು ಸಾಮಾನ್ಯವೇ! ಸತ್ತವರ ಹೆಸರಿನಲ್ಲಿ ವೃದ್ಧಾಪ್ಯ ಪಿಂಚಣಿ ಹೇಗೆ ಮುಂದುವರಿಯುತ್ತದೆ ಎಂಬುದು ವಿಷಯ. ಎರಡು ವರ್ಷ ಊರೂರು ಅಲೆದು ಅರವತ್ತೊಂದು ಮಂದಿ ಮೃತ ಪಿಂಚಣಿದಾರರನ್ನು ಪತ್ತೆಹಚ್ಚಿದ್ದಳು. ಮನೆಯವರು ಸಹಿ ಹಾಕುತ್ತಾರೆ, ಕಚೇರಿ ನಂಬುತ್ತದೆ, ಯಾರೂ ಹೋಗಿ ಮುಖ ನೋಡುವುದಿಲ್ಲ. ಉಪಸಂಹಾರದಲ್ಲಿ 'ನಾಚಿಕೆಗೇಡು' ಎಂಬ ಪದವನ್ನು ಮೂರು ಕಡೆ ಬಳಸಿದ್ದಳು.

ಈ ಅಲೆದಾಟದುದ್ದಕ್ಕೂ ಅವಳ ಅಧ್ಯಾಯಗಳು ವಿಭಾಗದ ಗುಮಾಸ್ತರ ಮೂಲಕವೇ ಹೋಗಿ ಬಂದಿದ್ದವು. ಪ್ರತಿಯೊಂದರ ಮೇಲೂ ಗೈಡ್ ಅವರ ಒಂದೇ ಷರಾ: 'ಚೆನ್ನಾಗಿದೆ. ಮುಂದುವರಿಸಿ.' ಹಿಂದೆಲ್ಲ ಒಂದು ಅಲ್ಪವಿರಾಮಕ್ಕೂ ರೇಗುತ್ತಿದ್ದ ಮನುಷ್ಯ ತನ್ನ ಬರವಣಿಗೆಗೆ ಸೋತುಬಿಟ್ಟಿದ್ದಾರೆಂದು ಅವಳು ಒಳಗೊಳಗೇ ಉಬ್ಬಿದ್ದಳು.

"ಅಣ್ಣಾ, ಸರ್ ಯಾವಾಗ ಸಿಗ್ತಾರೆ?"

ಗುಮಾಸ್ತರು ಕಡತದಿಂದ ತಲೆ ಎತ್ತಲಿಲ್ಲ. "ಅವರನ್ನ ಯಾಕಮ್ಮ ಎಬ್ಬಿಸ್ತೀಯಾ? ಫಾರಂ ಇಟ್ಟು ಹೋಗು. ನಾಲ್ಕು ಗಂಟೆಗೆ ಸಹಿ ಆಗಿರುತ್ತೆ."

"ಆಗಲ್ಲ. ಇದೊಂದನ್ನ ಅವರ ಕೈಯಿಂದಲೇ ತಗೋತೀನಿ. ಮನೆಗೇ ಹೋಗ್ತೀನಿ."

"ಮನೆಗೆ ಹೋದ್ರೆ ಕೆಲಸ ಕೆಡುತ್ತೆ ತಾಯಿ. ನನ್ನ ಮಾತು ಕೇಳು."

ಈತನೂ ಅವರ ಕಡೆಯವನೇ ಎಂದು ಹಲ್ಲು ಕಡಿಯುತ್ತ ಅವಳು ಬಸ್ಸು ಹತ್ತಿದಳು.

ಬಾಗಿಲು ತೆರೆದ ಗೈಡ್ ಅವರ ಹೆಂಡತಿ ಅವಳ ಕೈಯಲ್ಲಿದ್ದ ಫಾರಂ ಇಸಿದುಕೊಂಡು ನೋಡಿದರು. "ಅವರ ಸಹಿನಾ? ಅವರು ತೀರಿಕೊಂಡು ಎರಡು ವರ್ಷ ಆಯ್ತಲ್ಲಮ್ಮ. ವಿಭಾಗಕ್ಕೆ ಆವತ್ತೇ ತಿಳಿಸಿದ್ದೆ. ನಿಮಗೆ ಯಾರೂ ಹೇಳಲಿಲ್ವಾ?"

ನಾಲ್ಕೂವರೆಗೆ ಅವಳು ಏದುಸಿರು ಬಿಡುತ್ತ ಗುಮಾಸ್ತರ ಮೇಜಿನ ಮುಂದೆ ನಿಂತಿದ್ದಳು. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಗೊತ್ತಾಯ್ತಾ? ಹೇಳಿದ್ರೆ ಹೊಸ ಗೈಡು, ಹೊಸ ನೋಂದಣಿ, ಮತ್ತೆ ಆರು ವರ್ಷ. ಪಾಪ, ಹುಡುಗಿ ಯಾಕೆ ಒದ್ದಾಡಬೇಕು ಅಂತ ಷರಾ, ಸಹಿ ಎಲ್ಲ ನಾನೇ ಹಾಕ್ತಿದ್ದೆ. ಈಗ ಬೇಕಾದ್ರೆ ದೂರು ಕೊಡು."

ಅವಳು ಹಿಂದೆ ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಫಾರಂ ಮುಂದಕ್ಕೆ ತಳ್ಳಿ, ಪೆನ್ನಿನ ಮುಚ್ಚಳ ತೆಗೆದುಕೊಟ್ಟಳು.

"ಬೇಗ ಹಾಕಿ ಅಣ್ಣಾ. ದಿನಾಂಕ ಇವತ್ತಿಂದೇ ಇರಲಿ."