ಬೆಲೆಯ ಬೋರ್ಡು ಬರೆದ ದಿನ

ಬ್ರಷ್ ಅದ್ದುವ ಮುಂಚೆ ಪೇಂಟರ್ ಎಂದಿನಂತೆ ಮದ್ಯದಂಗಡಿಯ ಕಟ್ಟೆಯ ಮೇಲೆ ತನ್ನ ಸ್ಟೀಲ್ ಲೋಟ ಇಟ್ಟ. ಅಂಗಡಿಯವನ ಕೈ ಕೆಳಗಿನ ಕಪಾಟಿನ ಅಗ್ಗದ ದೊಡ್ಡ ಬಾಟಲಿಯವರೆಗೆ ಹೋಗಿ, ಹಾಗೇ ಹಿಂದಕ್ಕೆ ಬಂತು.

"ಇವತ್ತಿಂದ ಆಗಲ್ಲ ಪೇಂಟರ್ರೇ. ಸರ್ಕಾರ ಗೊತ್ತು ಮಾಡಿರೋ ಕನಿಷ್ಠ ಬೆಲೆಗಿಂತ ಒಂದು ಪೈಸೆ ಕಡಿಮೆಗೂ ಮಾರೋ ಹಾಗಿಲ್ಲ. ಪುಕ್ಕಟೆ ಅಂತೂ ಕೇಳಲೇಬೇಡಿ. ಅದನ್ನೇ ಬೋರ್ಡಿನ ಮೇಲೆ ಬರೀರಿ ಅಂತ ನಿಮ್ಮನ್ನ ಕರೆಸಿರೋದು."

"ಅರ್ಧ ಲೋಟ ಬೀಳದೆ ನನ್ನ ಕೈ ನಿಲ್ಲಲ್ಲ ಅಂತ ನಿಮಗೆ ಗೊತ್ತಲ್ಲ."

"ಗೊತ್ತು. ನನ್ನ ಲೈಸೆನ್ಸೂ ನಿಲ್ಲಬೇಕಲ್ಲ."

ಪೇಂಟರ್ ಜೇಬು ಮುಟ್ಟಿ ನೋಡಿಕೊಂಡ. ನಿನ್ನೆಯ ಬೆಲೆಗೆ ದೊಡ್ಡ ಬಾಟಲಿ ಬರುವಷ್ಟಿತ್ತು, ಅಷ್ಟೇ, ಅದೂ ಸಂಜೆಗೆಂದು ಇಟ್ಟದ್ದು. ಬೋರ್ಡಿನ ಕೂಲಿ ಮುಂಗಡವಾಗಿಯೇ ಖರ್ಚಾಗಿತ್ತು. ಹನ್ನೆರಡು ಗಂಟೆಗೆ ಗುತ್ತಿಗೆದಾರ ಬಂದು ಈ ಬೋರ್ಡಿನ ಅಕ್ಷರ ನೋಡುವವನಿದ್ದ. ಹಿಡಿಸಿದರೆ ಹೊಸ ಶಾಲೆಯ ಉದ್ದನೆಯ ಗೋಡೆ ಪೂರ್ತಿ ಇವನಿಗೆ, ಮೂರು ತಿಂಗಳ ಕೆಲಸ. ಹಿಡಿಸದಿದ್ದರೆ ಕಳೆದ ಎರಡು ತಿಂಗಳಂತೆ ಮನೆಯಲ್ಲೇ ಕೂರುವುದು. ಇವನ ಗೆರೆ ಅಲುಗುತ್ತದೆ ಎಂದು ಊರಿನ ಅರ್ಧ ಅಂಗಡಿಗಳು ಕರೆಯುವುದನ್ನೇ ಬಿಟ್ಟಿದ್ದವು. ಮಕ್ಕಳನ್ನು ಬೇಗ ಶಾಲೆಗೆ ಕಳಿಸಿ, ಹೆಂಡತಿ ಬಣ್ಣದ ಡಬ್ಬಿ ಹಿಡಿಯುವ ನೆಪ ಹೇಳಿ ಜೊತೆಗೆ ಬಂದದ್ದು ಅದಕ್ಕೇ.

'ಇಂದಿನಿಂದ ಕನಿಷ್ಠ ಬೆಲೆ' ಎಂಬ ಮೇಲಿನ ಸಾಲನ್ನು ಅವನು ಹೇಗೋ ಬರೆದು ಮುಗಿಸಿದ. ಅಕ್ಷರಗಳು ಚಳಿ ಹಿಡಿದವರಂತೆ ನಿಂತವು. ಹೆಂಡತಿ ಡಬ್ಬಿ ಕೆಳಗಿಟ್ಟು, ಬೋರ್ಡಿನ ಪಕ್ಕ ಗೋಡೆಗೆ ಒತ್ತಿಕೊಂಡು ನಿಂತಳು.

"ಕೈ ನನ್ನ ಹೆಗಲ ಮೇಲಿಟ್ಟು ಬರೀರಿ."

"ನಾಚಿಕೆ ಆಗಲ್ವೇನೇ, ನಡುರಸ್ತೇಲಿ?"

"ಪೂರ್ತಿ ನಿಮ್ಮನ್ನೇ ಇದೇ ಹೆಗಲ ಮೇಲೆ ಹೇರ್ಕೊಂಡು ಇದೇ ರಸ್ತೇಲಿ ಮನೆಗೆ ಹೋಗಿದ್ದೀನಿ. ಇವತ್ತು ಬರೀ ಕೈ ತಾನೆ. ಹಗುರ."

ಅವನು ಮಣಿಕಟ್ಟನ್ನು ಅವಳ ಹೆಗಲಿಗೆ ಊರಿದ. ಬ್ರಷ್ಷಿನ ತುದಿ ನಿಂತಿತು. ಅಂಗಡಿಯವನು ಚೀಟಿ ನೋಡಿ ಒಂದೊಂದೇ ಬೆಲೆ ಹೇಳುತ್ತಾ ಹೋದ, ಇವನು ಬರೆಯುತ್ತಾ ಹೋದ. ಸಾಲು ಇಳಿದಂತೆಲ್ಲ ಅವಳು ಮಂಡಿ ಬಾಗಿಸಿದಳು. ಕೊನೆಕೊನೆಗೆ ಖಾಲಿ ಡಬ್ಬಿಯೊಂದನ್ನು ಮಣೆ ಮಾಡಿಕೊಂಡು ಕೂತಳು.

"ಬೆಲೆ ಏರಿಸಿದ ಮಾತ್ರಕ್ಕೆ ಕುಡಿಯೋರು ಬಿಟ್ಟಾರಾ ಅಕ್ಕ?" ಅಂಗಡಿಯವನು ಕೇಳಿದ. "ಮನೆ ಪಾತ್ರೆ ಮಾರಿಯಾದ್ರೂ ಕುಡೀತಾರೆ."

"ಮಾರೋ ಪಾತ್ರೆಯೆಲ್ಲ ಹಳೇ ಬೆಲೆ ಇದ್ದಾಗಲೇ ಹೋಗಿದೆ ಅಣ್ಣ. ಸಕ್ಕರೆ ದುಬಾರಿ ಆದಾಗ ನಾನೇನು ಚಹಾ ಬಿಟ್ಟೆನಾ? ಎರಡು ಚಮಚ ಹಾಕ್ತಿದ್ದವಳು ಒಂದೂವರೆಗೆ ಇಳಿಸಿದೆ. ಇವರಿಗೆ ಗೊತ್ತೇ ಆಗಲಿಲ್ಲ."

"ಗೊತ್ತಾಗಿತ್ತು," ಪೇಂಟರ್ ಬೋರ್ಡಿನಿಂದ ಕಣ್ಣು ತೆಗೆಯದೆ ಹೇಳಿದ.

"ಮತ್ತೆ ಸುಮ್ಮನೆ ಕುಡಿದ್ರಿ?"

"ಅಭ್ಯಾಸ ಆಗೋಯ್ತು."

"ಕೇಳಿದ್ರಾ ಅಣ್ಣ?" ಎಂದಳು ಅವಳು, ಹೆಗಲು ಅಲುಗದ ಹಾಗೆ ನಗುತ್ತಾ.

ಕೊನೆಯ ಸಾಲು ಅವನದೇ ಬಾಟಲಿಯದು. ಅಂಗಡಿಯವನು ಬಾಯಿ ತೆರೆಯುವ ಮೊದಲೇ ಕೈ ಬೆಲೆ ಬರೆದು ಮುಗಿಸಿತ್ತು. ಹಳೆಯ ಬೆಲೆ. ಎಷ್ಟೋ ವರ್ಷದಿಂದ ದಿನಾ ಕೊಟ್ಟು ಕೊಟ್ಟು ಬೆರಳಿಗೆ ಅಂಟಿಹೋದ ಎರಡಂಕಿ. ಇಡೀ ಬೋರ್ಡಿನಲ್ಲಿ ಅಷ್ಟು ಮುದ್ದಾದ ಅಂಕಿ ಇನ್ನೊಂದಿರಲಿಲ್ಲ.

"ಅಯ್ಯೋ, ಅಳಿಸ್ರಿ ಅದನ್ನ. ಬೋರ್ಡಲ್ಲಿರೋ ಬೆಲೆಗೇ ಕೊಡು ಅಂತ ಯಾರಾದ್ರೂ ಪಟ್ಟು ಹಿಡಿದ್ರೆ ನಾನೇನ್ ಮಾಡ್ಲಿ?"

"ಪಟ್ಟು ಹಿಡಿಯೋನು ನಾನೇ ತಾನೆ. ಸಂಜೆವರೆಗೆ ಇರ್ಲಿ ಬಿಡಿ," ಎಂದ ಪೇಂಟರ್. ನಗುತ್ತಲೇ ಹೇಳಿದ, ಆದರೆ ಕಣ್ಣು ಕೆಳಗಿನ ಕಪಾಟಿನ ಮೇಲಿತ್ತು.

ಹೆಂಡತಿ ಬಟ್ಟೆ ತುಂಡಿಗೆ ಟರ್ಪೆಂಟೈನ್ ಹಚ್ಚಿದಳು. ತಾನು ಒರೆಸಲು ಹೋಗಲಿಲ್ಲ, ಅವನ ಮುಂದೆ ಹಿಡಿದಳು. "ನೀವು ಬರೆದದ್ದು. ನೀವೇ ಒರೆಸಿ. ಹನ್ನೆರಡಾಗ್ತಾ ಬಂತು."

ಅವನು ಅಂಕಿಯನ್ನೊಮ್ಮೆ, ಬಟ್ಟೆಯನ್ನೊಮ್ಮೆ ನೋಡಿದ. ಆಮೇಲೆ ಒರೆಸಿದ. ಹೊಸ ಬೆಲೆಗೆ ಮೂರಂಕಿ ಬೇಕಿತ್ತು. ಅವನು ಬರೆಯುವಷ್ಟು ಹೊತ್ತು ಅವಳು ಉಸಿರು ಬಿಗಿಹಿಡಿದಿದ್ದಳು.

ಗುತ್ತಿಗೆದಾರ ಬಂದು ಬೋರ್ಡಿನ ಮುಂದೆ ತುಂಬಾ ಹೊತ್ತು ನಿಂತ. "ಮೇಲಿನ ಸಾಲು ಒಬ್ಬರು, ಕೆಳಗಿನವನ್ನ ಇನ್ಯಾರೋ ಬರೆದ ಹಾಗಿದೆಯಲ್ಲ?"

"ಮೇಲಿನದು ನಾನೊಬ್ಬನೇ ಸಾರ್. ಕೆಳಗಿನವು ನಾವಿಬ್ರೂ ಸೇರಿ."

ಅವಳ ಹೆಗಲ ಮೇಲೆ ಮಣಿಕಟ್ಟಿನಗಲಕ್ಕೆ ನೀಲಿ ಬಣ್ಣ ಮೆತ್ತಿತ್ತು. ಗುತ್ತಿಗೆದಾರ ಅದನ್ನೂ ನೋಡಿದ. "ನನ್ನ ಗೋಡೆಗೆ ಕೆಳಗಿನ ಸಾಲಿನವರು ಬೇಕು. ಸೋಮವಾರ ಎಂಟಕ್ಕೆ ಬನ್ನಿ."

ಅವನು ಹೋದ ಮೇಲೆ ಪೇಂಟರ್ ಜೇಬಿನ ದುಡ್ಡು ತೆಗೆದು ಕಟ್ಟೆಯ ಮೇಲಿಟ್ಟ. ಅದಕ್ಕೀಗ ಬಂದದ್ದು ಅಂಗೈಯಷ್ಟುದ್ದದ ಪುಟ್ಟ ಬಾಟಲಿ. ಬಾಟಲಿಗೆಂದೇ ದಿನಾ ತರುವ ಬಟ್ಟೆ ಚೀಲಕ್ಕೆ ಅದನ್ನು ಹಾಕಿದ. ಅದು ಚೀಲದ ಒಂದು ಮೂಲೆಗೆ ಹೋಗಿ ಬಿತ್ತು.

"ನೋಡಿದ್ರಾ ಅಕ್ಕ," ಅಂಗಡಿಯವನು ನಕ್ಕ. "ಬಿಟ್ರಾ?"

"ಬಿಡ್ತಾರೆ ಅಂತ ನಾನೆಲ್ಲಿ ಹೇಳಿದೆ?" ಎನ್ನುತ್ತಾ ಅವಳು ಚೀಲದ ಬಾಯಿ ಅಗಲಿಸಿ ಬ್ರಷ್ಷುಗಳನ್ನೆಲ್ಲ ಒಳಗಿಟ್ಟಳು. ಟರ್ಪೆಂಟೈನ್ ಡಬ್ಬಿ ಇಟ್ಟಳು. ಒರೆಸಿದ ಬಟ್ಟೆ, ಸ್ಟೀಲ್ ಲೋಟ, ಎಲ್ಲ ಇಟ್ಟಳು. ಆದರೂ ಚೀಲದಲ್ಲಿ ಇನ್ನೂ ಜಾಗ ಉಳಿದಿತ್ತು.