ಹಾಲುಹಲ್ಲಿನ ಪರೀಕ್ಷೆ

ಗೌಜನಬೆಟ್ಟದ ಅಗ್ನಿಶಿಲೆಯನ್ನೆಲ್ಲ ಅಗೆದು ಮುಗಿಸಿದ ಮೇಲೆ ವಿರಳ ಲೋಹ ಉಳಿದಿದ್ದು ಅಲ್ಲಿಯ ಜನರ ಮೂಳೆಗಳಲ್ಲಿ ಮಾತ್ರ. ಬಾವಿಯ ನೀರಿನಲ್ಲಿ ಕರಗಿ ಬಂದ ಲೋಹ ಮೂಳೆಯೊಳಗೆ ಸುಣ್ಣದ ಜಾಗ ಹಿಡಿದು ಕೂರುತ್ತಿತ್ತು. ಸತ್ತವರನ್ನು ಮೂಳೆಯಿಂದ ಲೋಹ ತೆಗೆಯುವ ಕಾರ್ಖಾನೆಗೆ ಒಪ್ಪಿಸುವುದು ಊರಿನ ರೂಢಿ. ಆ ಲೋಹ ಕೈತಪ್ಪಬಾರದೆಂದು ಬದುಕಿದ್ದವರು ಬೆಟ್ಟ ಇಳಿಯುವಂತಿರಲಿಲ್ಲ. ಮೊದಲು ಬಿದ್ದ ಹಾಲುಹಲ್ಲಿನಲ್ಲಿ ಲೋಹ ಕಾಣದಿದ್ದರೆ ಮಾತ್ರ ಆ ಮಗುವಿಗೆ ಬಿಡುಗಡೆ.

ದುಂಡಮ್ಮ ಮಗಳು ಚೆಲುವಿಯ ಬಾಯಿಗೆ ಬಾವಿಯ ನೀರಿನ ಹನಿಯನ್ನೂ ಸೋಕಿಸಿರಲಿಲ್ಲ. ದಿನಾ ಬೆಟ್ಟದ ನೆತ್ತಿಯ ಲೋಹವಿಲ್ಲದ ತೊರೆಯಿಂದ ಕೊಡ ಹೊತ್ತು ತಂದು, ಅದರಲ್ಲೇ ಅಂಬಲಿ ಕಾಯಿಸಿ ಸಾಕಿದ್ದಳು. ತನ್ನನ್ನು ಬಿಟ್ಟಾದರೂ ಮಗಳು ಕೆಳಗಿನ ಊರಿನ ಹಾಸ್ಟೆಲಿನಲ್ಲಿ ಬೆಳೆಯಲಿ ಎಂದು ಮನಸ್ಸು ಕಲ್ಲು ಮಾಡಿಕೊಂಡಿದ್ದಳು.

ಹಲ್ಲಿನ ಕಚೇರಿಯ ಡಾಕ್ಟರಮ್ಮ ಚೆಲುವಿಯ ಬಿದ್ದ ಹಲ್ಲನ್ನು ಯಂತ್ರಕ್ಕಿಟ್ಟು ನೋಡಿದರು. "ಇದರಲ್ಲಿ ಲೋಹ ತುಂಬಾ ಇದೆಯಮ್ಮ."

"ಆಗಕಿಲ್ಲ ಡಾಕ್ಟ್ರಮ್ಮ! ನನ್ ಮಗ ಬಾವಿ ನೀರ ಕುಡ್ದೇ ಇಲ್ಲ."

"ಎದೆಹಾಲು ಎಷ್ಟು ದಿನ ಕುಡಿಸಿದ್ರಿ?"

"ಮೂರು ವರ್ಸ ತುಂಬಗಂಟ..."

"ಬಸಿರಿನಲ್ಲೂ ಅಷ್ಟೆ, ಹಾಲಿನಲ್ಲೂ ಅಷ್ಟೆ. ನಿಮ್ಮ ಮೂಳೆಯಲ್ಲಿದ್ದದ್ದೇ ಮಗುವಿಗೆ ಹೋಗೋದು," ಎಂದರು ಡಾಕ್ಟರಮ್ಮ ಮೆಲ್ಲಗೆ.

ಚೆಲುವಿಯ ಪುಟ್ಟ ಮುಂಗೈ ಮೇಲೆ ಬೆಟ್ಟದ ಮುದ್ರೆ ಬಿತ್ತು. ಇನ್ನು ಅವಳು ಬೆಟ್ಟ ಇಳಿಯುವಂತಿರಲಿಲ್ಲ.

ಹೊರಗೆ ಸುಡುಬಿಸಿಲು. "ಅವ್ವ, ಬಾಯಾರ್ತದ," ಎಂದಳು ಮಗಳು. ಕಚೇರಿಯ ಅಂಗಳದಲ್ಲಿ ಬಾವಿಯ ನೀರು ಬರುವ ನಲ್ಲಿಯಿತ್ತು. ದುಂಡಮ್ಮ ನಲ್ಲಿ ತಿರುಗಿಸಿ, ಬೊಗಸೆ ತುಂಬಿಸಿ, ಮಗಳ ಬಾಯಿಗೆ ಹಿಡಿದಳು.

"ಕುಡಿ ಮಗ."

ಚೆಲುವಿ ಕುಡಿದು ಬಾಯಿ ಒರೆಸಿಕೊಂಡಳು. "ಸೀಯಾಗಿ ಅದ ಕನವ್ವ. ಇಷ್ಟ್ ದಿನ ಯಾಕವ್ವ ಕೊಡ್ನಿಲ್ಲ?"