ಮಿನುಗುವ ಕಪಾಟು

ಮೌಸ್ ಮೇಲಿದ್ದ ಸಂಘಮಿತ್ರಾಳ ಕೈ ಹಾಗೆಯೇ ನಿಂತುಬಿಟ್ಟಿತು. ಪರದೆಯಲ್ಲಿ ಹಳದಿ ಕಪಾಟೊಂದು ಮಿನುಗುತ್ತಿತ್ತು. ಪುಸ್ತಕವನ್ನು ಅದರೊಳಕ್ಕೆ ಎಳೆದಿಟ್ಟರೆ ಪಾಠ ಮುಂದಕ್ಕೆ ಹೋಗುತ್ತದೆ. ತಡಮಾಡಿದಷ್ಟೂ ಮಿನುಗು ಜೋರಾಗುತ್ತದೆ. ಲೈಬ್ರರಿಯಲ್ಲಿ ಪುಸ್ತಕ ಹುಡುಕುವುದನ್ನು ಕಲಿಸುವ ಈ ಆನ್‌ಲೈನ್ ಪಾಠವನ್ನು ಮಾಡಿದವಳು ವಿಜಯನಗರದ ಕಾಲೇಜೊಂದರ ಲೈಬ್ರರಿಯನ್ ಮಾಲವಿಕಾ.

ನಾಳೆ ಅದನ್ನು ಎಲ್ಲರಿಗೂ ಬಿಡುಗಡೆ ಮಾಡುವ ಮುನ್ನ ವಿದ್ಯಾರ್ಥಿನಿ ಸಂಘಮಿತ್ರಾಳಿಂದ ಮಾಡಿಸಿ ನೋಡುತ್ತಿದ್ದಳು. ಹೇಳಿಕೊಡುವಂತಿಲ್ಲ, ಹಿಂದೆ ಕೂತು ಗುರುತು ಹಾಕಿಕೊಳ್ಳಬೇಕು ಅಷ್ಟೆ. ‘ಇಲ್ಲಿ ತಡವರಿಸಿದಳು’ ಎಂದು ಬರೆದಳು. ಕಪಾಟು ಇನ್ನೂ ವೇಗವಾಗಿ ಮಿನುಗಿತು. ಹುಡುಗಿಯ ಬೆರಳುಗಳು ಅದುರತೊಡಗಿದವು.

“ಸಂಘಮಿತ್ರಾ? ಏನಾಯ್ತೇ? ಇಲ್ನೋಡು!”

ಅವಳ ರೆಪ್ಪೆ ಅಲುಗಲಿಲ್ಲ. ಮಾಲವಿಕಾ ಮಾನಿಟರನ್ನು ಗೋಡೆಯ ಕಡೆಗೆ ತಿರುಗಿಸಿ, ಹುಡುಗಿಯ ಭುಜ ಹಿಡಿದು ಕೂತಳು. ಎಷ್ಟೋ ಹೊತ್ತಿನ ಮೇಲೆ ಸಂಘಮಿತ್ರಾ ಉಸಿರೆಳೆದುಕೊಂಡಳು.

“ಸಾರಿ ಮ್ಯಾಮ್. ಬೆಳಕು ಹಂಗೆ ಮಿಣಮಿಣ ಅಂದ್ರೆ ನಂಗೆ ಫಿಟ್ಸ್ ಬರುತ್ತೆ. ನಿಲ್ಲಿಸೋಣ ಅಂತ ಆಗ್ಲೇ ಹುಡುಕ್ದೆ. ಸ್ಟಾಪ್ ಬಟನ್ ಎಲ್ಲಿಟ್ಟಿದೀರ ಮ್ಯಾಮ್?”

ಪಾಠ ಮುಗಿಸದೆ ಯಾರೂ ತಪ್ಪಿಸಿಕೊಳ್ಳಬಾರದೆಂದು ಆ ಬಟನ್ ಅನ್ನು ಮಾಲವಿಕಾಳೇ ತೆಗೆದುಹಾಕಿದ್ದಳು.